ಹೈ-ಫೈ ಏಕೆ ಕೆಲವರ ಹವ್ಯಾಸವಾಗಿಯೇ ಉಳಿಯಿತು

ಮುದ್ರಿತ ಸಂಗೀತವನ್ನು ಗಾಯಕರು ಎದುರಿಗೇ ಕೂತು ಹಾಡಿದಂತೆ ಮನೆಯಲ್ಲಿ ಕೇಳಬೇಕೆಂಬ ಆಸೆಯಿಂದ ಹುಟ್ಟಿದ್ದು ಹೈ-ಫೈ. ಒಂದು ಟರ್ನ್‌ಟೇಬಲ್ ಅಥವಾ ಡಿಜಿಟಲ್ ಪ್ಲೇಯರ್, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್; ಮೂಲದಲ್ಲಿ ಇಷ್ಟೇ ಸಾಮಾನು. ಮೇಲ್ದರ್ಜೆಯದನ್ನೇ ಬಯಸಿದರೆ ಖರ್ಚು ಕೆಲವು ಲಕ್ಷದಿಂದ ಶುರುವಾಗಿ ಒಂದು ಮನೆಯ ಬೆಲೆಯವರೆಗೂ ಹೋಗುತ್ತದೆ. ಹಾಡು ಬೇಡವೆನ್ನುವವರು ಅಪರೂಪ. ಆದರೂ ಇಂಥ ವ್ಯವಸ್ಥೆ ಇರುವ ಮನೆ ಬೆಂಗಳೂರಿನಲ್ಲೇ ವಿರಳ, ಚಿಕ್ಕಜಾಜೂರಿನಂಥ ಊರಿನಲ್ಲಿ ಹುಡುಕಬೇಕು.

ಬೆಲೆಯೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಹೊಳಲ್ಕೆರೆ ತಾಲ್ಲೂಕಿನ ಈ ಸೀಮೆಯಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಟ್ರ್ಯಾಕ್ಟರ್ ಬರುತ್ತದೆ, ಕಾರು ಬರುತ್ತದೆ, ಮನೆಯ ಮೇಲೆ ಇನ್ನೊಂದು ಅಂತಸ್ತು ಏಳುತ್ತದೆ. ಹಣವಿದ್ದವರೂ ಸ್ಪೀಕರಿನ ಗೋಜಿಗೆ ಹೋಗುವುದಿಲ್ಲ. ಏಕೆಂದರೆ ಈ ಹವ್ಯಾಸ ಹಣದ ಜೊತೆಗೆ ಇನ್ನೂ ಮೂರನ್ನು ಕೇಳುತ್ತದೆ: ಅದಕ್ಕೆಂದೇ ಮೀಸಲಾದ ಕೋಣೆ, ನಿಶ್ಶಬ್ದ, ಒಬ್ಬರೇ ಕೂತು ಕೇಳುವಷ್ಟು ಬಿಡುವು. ಅಂಗಡಿಯಲ್ಲಿ ಈ ಮೂರೂ ಸಿಗುವುದಿಲ್ಲ.

ಕೋಣೆಯ ಪಾತ್ರ ಸ್ಪೀಕರಿನ ಪಾತ್ರಕ್ಕೆ ಸಮನಾದದ್ದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸ್‌ನ ಅಲೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ನಿಂತಲ್ಲೇ ನಿಲ್ಲುತ್ತದೆ. ಗೋಡೆಗೆ ಒರಗಿ ಕೂತವರಿಗೆ ಆ ಮಂದ್ರ ನಾದ ಎದೆಗೆ ಗುದ್ದಿದಂತೆ ಕೇಳುತ್ತದೆ, ನಟ್ಟನಡುವೆ ಕೂತವರಿಗೆ ಅದೇ ನಾದ ಹೆಚ್ಚುಕಡಿಮೆ ಮಾಯ. ಯಂತ್ರ ಅದೇ, ಹಾಡೂ ಅದೇ, ಕುರ್ಚಿ ಆರಡಿ ಸರಿದರೆ ಡೊಳ್ಳು ಬೇರೆಯಾಗುತ್ತದೆ. ಹತ್ತು ಲಕ್ಷದ ಸ್ಪೀಕರೂ ಈ ನಿಯಮವನ್ನು ಮೀರಲಾರದು.

ಈಚಿನ ಮನೆಗಳು ಈ ದೃಷ್ಟಿಯಿಂದ ಇನ್ನೂ ಕಷ್ಟದವು. ಸಿಮೆಂಟ್ ಗಿಲಾವು, ಆರ್‌ಸಿಸಿ ಚಾವಣಿ, ನುಣುಪಾದ ಟೈಲ್ಸ್ ನೆಲ, ದೊಡ್ಡ ಗಾಜಿನ ಕಿಟಕಿ. ಪ್ರತಿಯೊಂದೂ ಶಬ್ದವನ್ನು ಹೀರದೆ ಹಿಂದಕ್ಕೆ ಎಸೆಯುತ್ತದೆ. ಚಪ್ಪಾಳೆ ತಟ್ಟಿದರೆ ಸದ್ದು ಟಣ್ ಎಂದು ತಿರುಗಿ ಬರುವ ಹಾಲ್‌ನಲ್ಲಿ ಸಾಹಿತ್ಯದ ಅಕ್ಷರಗಳೇ ಒಂದರ ಮೇಲೊಂದು ಬೀಳುತ್ತವೆ. ಚಿತ್ರದುರ್ಗ ಸೀಮೆಯ ಹಳೆಯ ಮಾಳಿಗೆ ಮನೆಗಳು ಹಾಗಿರಲಿಲ್ಲ. ದಪ್ಪ ಮಣ್ಣಿನ ಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಚಾವಣಿ, ಮೂಲೆಯಲ್ಲಿ ಪೇರಿಸಿದ ಕಾಳಿನ ಚೀಲ, ಗಳುವಿನ ಮೇಲೆ ನೇತಾಡುವ ಕಂಬಳಿ, ಇವೆಲ್ಲ ಸೇರಿ ಸದ್ದನ್ನು ಮೆತ್ತಗಾಗಿಸುತ್ತಿದ್ದವು. ಉಣ್ಣೆ ಇಂದಿಗೂ ಶಬ್ದ ಹೀರುವ ಒಳ್ಳೆಯ ವಸ್ತುಗಳಲ್ಲೊಂದು. ಚಳ್ಳಕೆರೆಯ ಎರಡು ಕಂಬಳಿಗಳನ್ನು ಮಡಿಸಿ, ಸ್ಪೀಕರಿನ ಪಕ್ಕದ ಗೋಡೆಗಳಿಗೆ ಒಂದೊಂದನ್ನು ಇಳಿಬಿಟ್ಟರೆ ತಾರದ ಕರ್ಕಶ ಕಿವಿಗೆ ಗೊತ್ತಾಗುವಷ್ಟು ತಗ್ಗುತ್ತದೆ. ಮಂದ್ರದ ಅಲೆಗೆ ಮಾತ್ರ ಕಂಬಳಿ ಸಾಲದು, ಅದಕ್ಕೆ ಅಡಿಗಟ್ಟಲೆ ದಪ್ಪದ ಹೊದಿಕೆ ಬೇಕು. ಸಂಸಾರವಂದಿಗರ ಹಾಲ್‌ನಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ನಿಶ್ಶಬ್ದದ ಮಾತೂ ಹೀಗೆಯೇ. ಚಿಕ್ಕಜಾಜೂರು ರೈಲ್ವೆ ಜಂಕ್ಷನ್. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಕಡೆಗೆ ಹಳಿ ಕವಲೊಡೆಯುವುದು ಇಲ್ಲಿಯೇ. ಹಗಲು ರಾತ್ರಿಯೆನ್ನದೆ ಗಾಡಿಗಳು ಓಡಾಡುವ ಊರಿದು. ರೈಲಿಲ್ಲದ ಊರಲ್ಲೂ ಬೇಸಿಗೆಯಲ್ಲಿ ಫ್ಯಾನ್ ಆರಿಸುವಂತಿಲ್ಲ, ಫ್ಯಾನ್ ತಿರುಗುವ ಕೋಣೆಯ ಸದ್ದು ಸಾಮಾನ್ಯವಾಗಿ 40 ಡೆಸಿಬಲ್ ದಾಟಿರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ, ಅತಿ ಸಣ್ಣ ದನಿಯಿಂದ ಅತಿ ದೊಡ್ಡ ದನಿಯವರೆಗೆ ಸುಮಾರು 96 ಡೆಸಿಬಲ್ ಅಂತರವನ್ನು ಹಿಡಿದಿಡಬಲ್ಲದು. ಆ ಪಿಸುದನಿ ಫ್ಯಾನಿನ ಸದ್ದಿನ ಮೇಲೆ ಕೇಳಬೇಕಾದರೆ ದೊಡ್ಡ ದನಿಯನ್ನು 136 ಡೆಸಿಬಲ್‌ಗೆ ಏರಿಸಬೇಕು, ಅದು ಕಿವಿಗೆ ನೋವು ಕೊಡುವ ಮಟ್ಟ. ಅಂದರೆ ದುಬಾರಿ ಯಂತ್ರದ ನಿಜವಾದ ಶಕ್ತಿ ನಮ್ಮ ಬಹುತೇಕ ಮನೆಗಳಲ್ಲಿ ಹೊರಬರುವ ಅವಕಾಶವೇ ಇಲ್ಲ.

ಮೂರನೆಯದು ಏಕಾಂತ. ಸ್ಟೀರಿಯೊದ ಚಿತ್ರ ಸ್ಪಷ್ಟವಾಗುವುದು ಎರಡು ಸ್ಪೀಕರು ಮತ್ತು ಕೇಳುಗ ಸಮಭುಜ ತ್ರಿಕೋನದ ಮೂರು ತುದಿಗಳಲ್ಲಿದ್ದಾಗ. ಆ ತುದಿಯಲ್ಲಿ ಒಬ್ಬರಿಗೆ ಮಾತ್ರ ಜಾಗ. ಈ ಭಾಗದ ಜನ ಸಂಗೀತವನ್ನು ಕೇಳುತ್ತ ಬಂದದ್ದು ಹಾಗಲ್ಲ. ರಾತ್ರಿಯ ಭಜನೆ, ಮದುವೆ ಮನೆಯ ಸೋಬಾನೆ, ಜಾತ್ರೆಯ ನಾಟಕ, ಎಲ್ಲವೂ ನಾಲ್ಕು ಜನ ಸೇರುವ ನೆಪಗಳೇ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕೋತ್ಸವದ ದಿನಗಳಲ್ಲಿ ಸುತ್ತಲ ಹಳ್ಳಿಗಳವರು ಆಕಾಶದ ಕೆಳಗೆ ಕೂತು ವಚನ ಗಾಯನವನ್ನು ತದೇಕಚಿತ್ತದಿಂದ ಕೇಳುತ್ತಾರೆ. ಕೇಳುವ ಶ್ರದ್ಧೆಗೆ ಇಲ್ಲಿ ಬರವಿಲ್ಲ. ಬಾಗಿಲು ಹಾಕಿಕೊಂಡು ಒಬ್ಬರೇ ಕೇಳುವ ರೂಢಿ ಬೆಳೆದಿಲ್ಲ, ಅಷ್ಟೆ.

ಸಂಗೀತ ಮನೆಮನೆಗೆ ಬಂದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಭದ್ರಾವತಿ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳುತ್ತಿದ್ದ ಕಾಲದಲ್ಲಿ ತಾರದ ಸೂಕ್ಷ್ಮಗಳು ರೇಡಿಯೊ ಪೆಟ್ಟಿಗೆಯನ್ನು ತಲುಪುತ್ತಲೇ ಇರಲಿಲ್ಲ, ಯಾರೂ ಕೊರತೆಯೆಂದು ಭಾವಿಸಲಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ ನಾದದ ಗುಣದಲ್ಲಿ ಎಲ್‌ಪಿಗಿಂತ ಕೆಳಗಿನದು, ಹಿನ್ನೆಲೆಯಲ್ಲಿ ಸದಾ ಒಂದು ಸುಯ್ಲು. ಆದರೆ ಅದು ಅಗ್ಗ, ಜೇಬಿನಲ್ಲಿ ಹಿಡಿಯುತ್ತದೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಭಾವಗೀತೆಯನ್ನು ಅಡುಗೆಮನೆಯವರೆಗೂ ತಲುಪಿಸಿತು. ಸಿಡಿಗಿಂತ ಉತ್ತಮವೆಂದು 1999ರಲ್ಲಿ ಬಂದ ಸೂಪರ್ ಆಡಿಯೊ ಸಿಡಿ ಜನಸಾಮಾನ್ಯರನ್ನು ಮುಟ್ಟಲಿಲ್ಲ, ಅದೇ ಹೊತ್ತಿಗೆ ಗುಣದಲ್ಲಿ ಕಡಿಮೆಯಾದ ಎಂಪಿ3 ಲೋಕವನ್ನೇ ಗೆದ್ದಿತು. ಸಲೀಸು ಮತ್ತು ಗುಣ ಎದುರುಬದುರಾದಾಗೆಲ್ಲ ಜನ ಸಲೀಸಿನ ಕಡೆಗೇ ವಾಲಿದ್ದಾರೆ.

ಕಿವಿಗೂ ಒಂದು ಮಿತಿಯಿದೆ. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವುದು ಯಾವುದೆಂದು ತಿಳಿಸದೆ ಹೆಚ್ಚಿನ ದರ್ಜೆಯ ಧ್ವನಿಮುದ್ರಣವನ್ನೂ ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಕೇಳಿಸಿದರು. 554 ಬಾರಿ ಕೇಳಿಸಿದಾಗ ಸರಿಯುತ್ತರ ಬಂದದ್ದು ಸರಿಸುಮಾರು ಅರ್ಧ, ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ದನಿ ಇಮ್ಮಡಿಯಾದಂತೆ ಕೇಳಬೇಕಾದರೆ ಆಂಪ್ಲಿಫೈಯರಿನ ಶಕ್ತಿ ಹತ್ತು ಪಟ್ಟಾಗಬೇಕು. ಹಣದ ವಿಷಯದಲ್ಲೂ ಹೀಗೆಯೇ: ಐದು ಸಾವಿರದ ಪೆಟ್ಟಿಗೆಯಿಂದ ಐವತ್ತು ಸಾವಿರದ ಜೋಡಣೆಗೆ ಹೋದಾಗ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ, ಐದು ಲಕ್ಷದಿಂದ ಐವತ್ತು ಲಕ್ಷಕ್ಕೆ ಹೋದಾಗ ಅಭ್ಯಾಸವಿದ್ದವರೂ ತಡವರಿಸುತ್ತಾರೆ. ಹತ್ತಾರು ಸಾವಿರದ ಕೇಬಲ್‌ಗಳ ಬಗ್ಗೆ ಮಾರಾಟಗಾರರು ಹೇಳುವ ಮಹಿಮೆಗೆ ಗಟ್ಟಿಯಾದ ಆಧಾರವಿಲ್ಲ. ಇಂಥ ಮಾತುಗಳೇ ಆಸಕ್ತರನ್ನು ದೂರ ಓಡಿಸಿವೆ.

ಕೇಳುವ ಸರಕಿನದೂ ತೊಡಕಿದೆ. 1960-70ರ ದಶಕಗಳ ಕನ್ನಡ ಚಿತ್ರಗೀತೆಗಳಲ್ಲಿ ಬಹುಪಾಲು ಮದರಾಸಿನಲ್ಲಿ ಮೋನೊದಲ್ಲಿ ಮುದ್ರಣಗೊಂಡವು. ಅವುಗಳಲ್ಲಿ ಎಡ-ಬಲದ ಹರವು ಇಲ್ಲ. ಪಿ.ಬಿ. ಶ್ರೀನಿವಾಸರ ದನಿಯ ಮಾರ್ದವವನ್ನು ಒಂದೇ ಒಂದು ಒಳ್ಳೆಯ ಸ್ಪೀಕರು ಪೂರ್ತಿಯಾಗಿ ಕೊಡುತ್ತದೆ, ತೀಕ್ಷ್ಣವಾದ ಯಂತ್ರ ಅದರ ಜೊತೆಗೆ ಹಳೆಯ ಟೇಪಿನ ಸವೆತವನ್ನೂ ಎತ್ತಿ ತೋರಿಸುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಕೊಳ್ಳಹೊರಟವರಿಗೆ ದಾರಿ ಸುಗಮವಿಲ್ಲ. ಸಾಮಾನು ಹೆಚ್ಚಾಗಿ ವಿದೇಶದ್ದು, ಆಮದು ಸುಂಕ ಮತ್ತು ಜಿಎಸ್‌ಟಿ ಸೇರಿ ಮೂಲ ಬೆಲೆ ಗುರುತು ಸಿಗದಷ್ಟು ಏರುತ್ತದೆ. ಕೇಳಿ ನೋಡಲು ಬೆಂಗಳೂರಿಗೆ ರೈಲು ಹತ್ತಬೇಕು, ಅಲ್ಲಿ ಕೇಳುವುದು ಶಬ್ದಕ್ಕೆಂದೇ ಸಜ್ಜುಗೊಳಿಸಿದ ಕೋಣೆಯಲ್ಲಿ. ಊರಿಗೆ ತಂದರೆ ವೋಲ್ಟೇಜ್ ಏರಿಳಿತ, ಸರಿಯಿಲ್ಲದ ಅರ್ಥಿಂಗ್‌ನಿಂದ 50 ಹರ್ಟ್ಸ್‌ನ ಗುಂಯ್ ಸದ್ದು. ಕೆಟ್ಟರೆ ಮತ್ತೆ ಬೆಂಗಳೂರಿಗೇ ಹೊರಬೇಕು.

ಹೀಗಾಗಿ ಈ ಹವ್ಯಾಸದಲ್ಲಿ ಉಳಿದವರು ಎರಡು ಬಗೆ. ಒಂದು, ಕೋಣೆ ಮತ್ತು ಹಣ ಎರಡೂ ಇರುವ ನಗರವಾಸಿಗಳು. ಇನ್ನೊಂದು, ಬೆಸುಗೆ ಕಡ್ಡಿ ಹಿಡಿಯಬಲ್ಲವರು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಿಂದ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಸ್ಪೀಕರ್ ಘಟಕಗಳನ್ನು ಆಯ್ದು ತಂದು, ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಒಳಗೆ ಹತ್ತಿ ತುಂಬಿ, ಸಾಲುಸಾಲು ಭಾನುವಾರಗಳಲ್ಲಿ ಅದನ್ನು ಹದಕ್ಕೆ ತರುವವರು. ಮೇಲ್ದರ್ಜೆಯ ನಾದ ಸಣ್ಣ ಊರುಗಳನ್ನು ತಲುಪಿದ್ದರೆ ಅದು ಹೆಚ್ಚಾಗಿ ಈ ಎರಡನೆಯವರ ಕೈಯಿಂದಲೇ.