ಹೊರೆ ತುಂಬಿದ ಟ್ರೇಲರಿನ ಗಾಲಿ ಬದಲಾಯಿಸುವ ಕ್ರಮ

ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದ ಕಾಲಕ್ಕೆ ಗದ್ದೆಯ ಕಬ್ಬು ಎತ್ತಿನ ಗಾಡಿಗಳ ಮೇಲೆ ಸಾಗುತ್ತಿದ್ದಿತು. ಗಾಡಿಯ ಚಕ್ರದ ಕಬ್ಬಿಣದ ಪಟ್ಟಿಯು ಸಡಿಲವಾದರೆ ಊರಿನ ಕಮ್ಮಾರನು ಕಾಯಿಸಿ ಬಿಗಿಯುತ್ತಿದ್ದನು. ಕಡಾಣಿಯು ಕಳಚಿಬಿದ್ದರೆ ಎತ್ತುಗಳನ್ನು ಬಿಚ್ಚಿ ಮೂಕಿಗೆ ಆಸರೆ ಕೊಟ್ಟು ಇಬ್ಬರು ಭುಜ ಕೊಟ್ಟು ಎತ್ತಿದರೆ ಕೆಲಸವು ಮುಗಿಯುತ್ತಿದ್ದಿತು. ಈಗ ಅದೇ ಕಬ್ಬು, ಭತ್ತ, ಗೊಬ್ಬರ, ಇಟ್ಟಿಗೆಗಳು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರೇಲರಿನಲ್ಲಿ ಹೋಗುತ್ತವೆ. ಐದು ಟನ್ನು ಹೊರುವುದಕ್ಕೆಂದು ಮಾಡಿದ ಟ್ರೇಲರಿಗೆ ಅದಕ್ಕೂ ಮಿಗಿಲಾದ ಹೊರೆಯನ್ನು ಹೇರುವ ವಾಡಿಕೆಯುಂಟು. ಭುಜ ಕೊಟ್ಟು ಎತ್ತುವ ಮಾತು ಇಲ್ಲಿ ನಡೆಯದು. ಹೀಗಿದ್ದರೂ ದಾರಿಯಲ್ಲಿ ಗಾಳಿ ಹೋದಾಗ, ಹಳೆಯ ಗಾಡಿಯ ಕಾಲದ ಧೈರ್ಯದಿಂದಲೇ ಆಳುಗಳು ಟ್ರೇಲರಿನ ಕೆಳಗೆ ತೂರುವುದನ್ನು ಕಾಣಬಹುದು. ಪ್ರಾಣಹಾನಿಗೆ ಮೂಲವು ಇದೇ.

ಗಾಳಿ ತುಂಬಿದ ರಬ್ಬರು ಚಕ್ರವನ್ನು ಬಳಕೆಗೆ ತಂದವನು ದನಕರುಗಳ ವೈದ್ಯನೊಬ್ಬನೆಂಬುದು ಒಕ್ಕಲಿಗರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಇಂಥಾ ಚಕ್ರವನ್ನು ಕಟ್ಟಿ, 1888ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು. ರಬ್ಬರು ಚಕ್ರದ ಎತ್ತಿನ ಗಾಡಿಗೆ ಕೆಲವೆಡೆ ಡನ್‌ಲಪ್ ಗಾಡಿಯೆಂಬ ಹೆಸರು ನಿಂತಿರುವುದು ಆತನಿಂದಲೇ. ಅಮೆರಿಕದಲ್ಲಿ 1932ರಲ್ಲಿ ಟ್ರ್ಯಾಕ್ಟರಿಗೂ ಗಾಳಿಯ ಟೈರು ಬಂದಿತು. ಇದರಿಂದ ಎಳೆತವು ಹಗುರವಾಯಿತು, ರಸ್ತೆಯೂ ಉಳಿಯಿತು. ಆದರೆ ಒಂದು ಮುಳ್ಳಿಗೆ ನಿಂತುಬಿಡುವ ಚಕ್ರವೂ ಅದರೊಡನೆಯೇ ಬಂದಿತು.

ಗಾಳಿ ಹೋದುದು ತಿಳಿದ ಕೂಡಲೆ ಅಲ್ಲಿಯೇ ನಿಲ್ಲಿಸುವುದು ಸಾಮಾನ್ಯವಾದ ತಪ್ಪು. ಟೈರು ಕೆಟ್ಟೀತೆಂಬ ಲೋಭದಿಂದ ತಿರುವಿನಲ್ಲಿಯೋ ಸೇತುವೆಯ ಮೇಲೆಯೋ ಇಳಿಜಾರಿನಲ್ಲಿಯೋ ನಿಲ್ಲಿಸಿದರೆ, ಟೈರು ಉಳಿದೀತು, ಮನುಷ್ಯನು ಉಳಿಯುವುದು ಸಂದೇಹ. ನಡಿಗೆಯ ವೇಗದಲ್ಲಿ ಮುಂದೆ ಸಾಗಿಸಿ, ಸಮನಾದ ಗಟ್ಟಿ ನೆಲಕ್ಕೆ, ಸಾಧ್ಯವಾದರೆ ಡಾಂಬರಿನಿಂದ ಪೂರ್ತಿ ಆಚೆಗೆ, ತರತಕ್ಕದ್ದು. ನಮ್ಮ ದೇಶದಲ್ಲಿ ವಾಹನಗಳು ಎಡಗಡೆಯಲ್ಲಿ ನಡೆಯುವುದರಿಂದ, ಬಲಗಾಲಿಯ ಗಾಳಿ ಹೋದಾಗ ಅದನ್ನು ಬಿಚ್ಚುವವನ ಬೆನ್ನು ಓಡಾಡುವ ವಾಹನಗಳ ಕಡೆಗೇ ಇರುತ್ತದೆ. ಆದಕಾರಣ ಬಲಗಾಲಿಯಾದರೆ ಇನ್ನೂ ನಾಲ್ಕು ಮಾರು ಒಳಕ್ಕೆ ಸರಿಸುವುದು ಒಳ್ಳೆಯದು.

ಹಿಂದಿನಿಂದ ಬರುವವರಿಗೆ ತಿಳಿಸುವ ಏರ್ಪಾಟನ್ನು ಜಾಕಿಯನ್ನು ಮುಟ್ಟುವುದಕ್ಕೆ ಮೊದಲೇ ಮಾಡಬೇಕು. ಗಂಟೆಗೆ 60 ಕಿಲೋಮೀಟರು ವೇಗದ ಲಾರಿಯು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುವುದು. 50 ಮೀಟರಿನಾಚೆಗೆ ಗುರುತಿಟ್ಟರೆ ಆ ಚಾಲಕನಿಗೆ ದೊರೆಯುವ ಕಾಲವು ಮೂರೇ ಸೆಕೆಂಡು. ಹತ್ತು ಹೆಜ್ಜೆಯಲ್ಲಿ ಇಟ್ಟ ಗುರುತಿನಿಂದ ಯಾರಿಗೂ ಪ್ರಯೋಜನವಿಲ್ಲ. ಹೊಳೆಯುವ ಕೆಂಪು ತ್ರಿಕೋನವು ಟ್ರ್ಯಾಕ್ಟರಿನಲ್ಲಿ ಯಾವಾಗಲೂ ಇರಬೇಕು. ಹಿಂದೆ ತಿರುವಾಗಲಿ ದಿಣ್ಣೆಯಾಗಲಿ ಇದ್ದರೆ ಅದನ್ನು ತಿರುವಿನ ಈಚೆಗಲ್ಲ, ಆಚೆಗೆ ಇಡತಕ್ಕದ್ದು. ಹಗಲಿನಲ್ಲಿ ಹಸುರು ಸೊಪ್ಪಿನ ಕೊಂಬೆಯೂ ನಡೆದೀತು. ರಾತ್ರಿ ಅದು ಕಾಣದು. ಕಬ್ಬಿನ ಹೊರೆಯಲ್ಲಿ ಮತ್ತೊಂದು ತೊಂದರೆಯುಂಟು. ಜೋತುಬಿದ್ದ ಸೋಗೆಯು ಟ್ರೇಲರಿನ ಹಿಂದಿನ ದೀಪವನ್ನೂ ಹೊಳೆಯುವ ಪಟ್ಟಿಯನ್ನೂ ಮುಚ್ಚಿಬಿಡುವುದರಿಂದ, ಕತ್ತಲೆಯಲ್ಲಿ ನಿಂತ ಟ್ರೇಲರು ದಾರಿಯ ಮೇಲೊಂದು ಕಪ್ಪು ಗೋಡೆಯಂತೆಯೇ ಸರಿ. ದ್ವಿಚಕ್ರದವರು ಬಂದು ಬಡಿಯುವುದು ಇಂಥಾ ಗೋಡೆಗೇ. ಆ ಸೋಗೆಯನ್ನು ಮೊದಲು ಕುಡುಗೋಲಿನಿಂದ ಸವರಿ ತೆಗೆಯಬೇಕು.

ದಾರಿಯ ಮೇಲೆ ದಪ್ಪ ಕಲ್ಲುಗಳನ್ನು ಸಾಲಾಗಿ ಇಡುವ ಪದ್ಧತಿಯನ್ನು ಊರಿನ ಹಿರಿಯರು ನಿಲ್ಲಿಸಬೇಕಾಗಿದೆ. ಗಾಲಿ ಸರಿಯಾದ ಮೇಲೆ ಟ್ರ್ಯಾಕ್ಟರು ಹೊರಟುಹೋಗುವುದು, ಕಲ್ಲುಗಳು ಅಲ್ಲಿಯೇ ಉಳಿಯುವುವು. ಅನಂತರ ಕತ್ತಲೆಯಲ್ಲಿ ಅದೇ ದಾರಿಯಲ್ಲಿ ಬರುವ ಬೈಕಿನವನು ಬಹುಶಃ ಅದೇ ಊರಿನವನಾಗಿರುವನು.

ಹೊರೆಯ ಮೇಲೆ ಕುಳಿತ ಕೂಲಿಯವರೂ ಹೆಂಗಸರೂ ಮಕ್ಕಳೂ ಇಳಿದು ರಸ್ತೆಯಿಂದ ದೂರ, ಆದರೆ ಹೊರೆಯು ವಾಲಬಹುದಾದ ಪಕ್ಕವನ್ನು ಬಿಟ್ಟು, ನಿಲ್ಲಬೇಕು. ಕೆಲಸಕ್ಕೆ ಇಬ್ಬರು ಸಾಕು. ಮೂರನೆಯವನು ದಾರಿಯನ್ನು ನೋಡಿಕೊಂಡಿರಲಿ. ಹತ್ತು ಮಂದಿ ಸುತ್ತ ನಿಂತು ಹತ್ತು ಬಗೆಯ ಸಲಹೆ ಕೊಡುವ ಕಡೆಯಲ್ಲಿ ಯಾರ ಮಾತನ್ನು ಕೇಳಿ ಜಾಕಿಯನ್ನು ಇಳಿಸಬೇಕೆಂಬುದೇ ತಿಳಿಯದೆ ಹೋಗುವುದು.

ಇನ್ನು ವಾಹನವು ಉರುಳದಂತೆ ನಿಲ್ಲಿಸುವ ವಿಚಾರ. ಹಳ್ಳಿಗಳಲ್ಲಿ ಕಾಣುವ ಅನೇಕ ಟ್ರೇಲರುಗಳಿಗೆ ತಮ್ಮದೇ ಆದ ಬ್ರೇಕು ಇರುವುದಿಲ್ಲ. ಅವನ್ನು ಹಿಡಿದಿರುವುದು ಟ್ರ್ಯಾಕ್ಟರು ಮಾತ್ರ. ಆದಕಾರಣ ಹೊರೆ ತುಂಬಿದ ಟ್ರೇಲರನ್ನು ಟ್ರ್ಯಾಕ್ಟರಿನಿಂದ ಬಿಡಿಸಿ ಗಾಲಿ ಬಿಚ್ಚಕೂಡದು. ಎರಡು ಗಾಲಿಯ ಟ್ರೇಲರಿನ ಮುಂಭಾರವು ಟ್ರ್ಯಾಕ್ಟರಿನ ಕೊಕ್ಕೆಯ ಮೇಲೆ ಕುಳಿತಿರುವುದರಿಂದ, ಬಿಡಿಸಿದರೆ ಅದು ಮುಂದಕ್ಕೋ ಹಿಂದಕ್ಕೋ ಮುಗ್ಗರಿಸುವುದು ಖಂಡಿತ. ಇಂಜಿನ್ನನ್ನು ನಿಲ್ಲಿಸಿ, ಗೇರಿನಲ್ಲಿ ಇರಿಸಿ, ಕೈಬ್ರೇಕನ್ನು ಎಳೆದು, ಬೀಗದ ಕೈಯನ್ನು ಚಾಲಕನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಲಿ. ಆಮೇಲೆ ಟ್ರೇಲರಿನ ಎದುರು ಪಕ್ಕದ ಗಾಲಿಗೆ ಮುಂದೂ ಹಿಂದೂ ಮರದ ಬೆಣೆಗಳನ್ನು ಒತ್ತಿ ಕೊಡಬೇಕು. ಗುಂಡುಕಲ್ಲಿಗಿಂತ ಬೆಣೆಯು ಮೇಲು. ಗುಂಡುಕಲ್ಲು ಗಾಲಿಯೊಡನೆ ತಾನೂ ಉರುಳುವುದು.

ಜಾಕಿಗೆ ಹಲಗೆ ಏಕೆಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕವು ಸಾಕು. ಒಂದು ಪಕ್ಕದ ಗಾಲಿಯ ಮೇಲೆ ಎರಡು ಟನ್ನು ಭಾರವಿದೆಯೆಂದೂ, ಜಾಕಿಯ ಅಡಿಯು ಹತ್ತು ಸೆಂಟಿಮೀಟರು ಚೌಕವೆಂದೂ ಎಣಿಸಿದರೆ, ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೂ 20 ಕಿಲೋ ಬೀಳುವುದು. ನೆನೆದ ಎರೆಮಣ್ಣು ಅದನ್ನು ತಾಳದು. ಜಾಕಿಯು ಒಂದು ಪಕ್ಕಕ್ಕೆ ಇಳಿದು ಓರೆಯಾಗಿ ಜಾರುವುದು. ಅದರ ಕೆಳಗೆ 45 ಸೆಂಟಿಮೀಟರು ಉದ್ದ, 30 ಸೆಂಟಿಮೀಟರು ಅಗಲದ ದಪ್ಪ ಹಲಗೆಯನ್ನು ಇಟ್ಟರೆ ಅದೇ ಭಾರವು ಹರಡಿ, ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋ ಮಾತ್ರ ಆಗುವುದು. ಗಾಳಿ ಹೋದ ಮೇಲೆ ಅಚ್ಚು ಕೆಳಗಿಳಿದು ಜಾಕಿಗೆ ಎಡೆಯೇ ಇಲ್ಲದಂತಾಗುವುದುಂಟು. ಆಗ ನೆಲವನ್ನು ಅಗೆಯುವ ಬದಲು, ಚಪ್ಪಟೆಯಾದ ಗಾಲಿಯನ್ನೇ ಒಂದು ದಪ್ಪ ಹಲಗೆಯ ಮೇಲಕ್ಕೆ ಮೆಲ್ಲಗೆ ಹತ್ತಿಸಿ ನಿಲ್ಲಿಸಿದರೆ ಬೇಕಾದಷ್ಟು ಎತ್ತರ ದೊರೆಯುವುದು.

ಎತ್ತುವುದಕ್ಕೆ ಮುಂಚೆ, ಗಾಲಿಯು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸ್ಪ್ಯಾನರಿನ ಮೇಲೆ ನಿಂತು ತುಳಿಯುವುದು ಜಾಕಿಯನ್ನು ತಾನೇ ಒದ್ದು ಬೀಳಿಸಿದಂತೆ. ಕೆಲವು ಹಳೆಯ ಲಾರಿಗಳ ಎಡಗಾಲಿಯಲ್ಲಿ ನಟ್ಟುಗಳ ಸುತ್ತು ತಿರುವುಮುರುವಾಗಿರುವುದು. ಅಂಥಾ ಗಾಲಿಯನ್ನು ಟ್ರೇಲರಿಗೆ ಹಾಕಿಸಿಕೊಂಡವರು ಇದನ್ನು ಮೊದಲೇ ತಿಳಿದಿರಬೇಕು. ಜಾಕಿಯನ್ನು ಅಚ್ಚಿನ ಕೆಳಗೆ, ಕಮಾನು ಕುಳಿತ ಜಾಗಕ್ಕೆ ಹತ್ತಿರವಾಗಿ, ನೆಟ್ಟಗೆ ನಿಲ್ಲಿಸಬೇಕು. ಟ್ರೇಲರಿನ ಒಂದು ಪಕ್ಕವು ಮೇಲೇರಿದ ಹಾಗೆಲ್ಲಾ ಜಾಕಿಯ ತಲೆಯು ಓರೆಗೆ ಸರಿಯುವುದು. ಸರಿದುದು ಕಂಡರೆ ಇಳಿಸಿ ಮತ್ತೆ ಇಡತಕ್ಕದ್ದೇ ಹೊರತು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಕೂಡದು. ಹೊರೆಯು ಮೊದಲೇ ಗಾಳಿ ಹೋದ ಕಡೆಗೆ ವಾಲಿದ್ದರೆ ಎತ್ತುವ ಯತ್ನವನ್ನೇ ಬಿಟ್ಟು, ಆ ಪಕ್ಕದ ಹೊರೆಯನ್ನು ಇಳಿಸಿಕೊಳ್ಳಬೇಕು. ಒಂದು ಗಂಟೆಯ ಕೂಲಿಯು ಹೆಚ್ಚಾಗುವುದು ನಿಜ. ಉರುಳಿದ ಟ್ರೇಲರನ್ನು ಎತ್ತಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಜಾಕಿಯು ಎತ್ತುವ ಯಂತ್ರವೇ ಹೊರತು ಹೊರುವ ಕಂಬವಲ್ಲ. ಅದರೊಳಗಿನ ಎಣ್ಣೆಯು ಒಂದು ಚಿಕ್ಕ ರಬ್ಬರು ಬಳೆಯ ಹಿಡಿತದಲ್ಲಿರುವುದು. ಆ ಬಳೆಯು ಸವೆದಿದ್ದರೆ ಭಾರವು ಮೆಲ್ಲಮೆಲ್ಲಗೆ ಇಳಿಯುವುದು, ಹರಿದರೆ ಒಮ್ಮೆಗೇ ಬೀಳುವುದು. ಆದಕಾರಣ ಬೇಕಾದಷ್ಟು ಎತ್ತಿದ ಕ್ಷಣವೇ, ಗಾಲಿಯನ್ನು ಕಳಚುವುದಕ್ಕೆ ಮುಂಚೆ, ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿ ಆಸರೆ ಕೊಡಬೇಕು. ಇಟ್ಟಿಗೆಯನ್ನಾಗಲಿ ಸೈಜುಗಲ್ಲನ್ನಾಗಲಿ ಇಡುವುದು ಬಹಳ ಅಪಾಯಕರ. ಇಟ್ಟಿಗೆಯು ಮುನ್ಸೂಚನೆಯಿಲ್ಲದೆ ಪುಡಿಯಾಗುವುದು, ಮರವಾದರೋ ನರಳಿ ತಿಳಿಸಿ ಮುರಿಯುವುದು. ಆಸರೆಯಿದ್ದರೂ ತಲೆಯನ್ನಾಗಲಿ ಕಾಲನ್ನಾಗಲಿ ಟ್ರೇಲರಿನ ಕೆಳಗೆ ಚಾಚಕೂಡದು.

ಹೊಸ ಗಾಲಿಯಲ್ಲಿ ಗಾಳಿ ತುಂಬಿರುವುದರಿಂದ ಹಳೆಯದಕ್ಕಿಂತ ಎರಡು ಬೆರಳು ಹೆಚ್ಚಿನ ಎತ್ತರ ಬೇಕಾಗುವುದು. ಅದನ್ನು ಕೈಯಿಂದ ಎತ್ತದೆ, ಟೈರಿನ ಕೆಳಗೆ ಹಾರೆಯನ್ನು ಕೊಟ್ಟು ಮೀಟಿ ಬೋಲ್ಟುಗಳಿಗೆ ಹೊಂದಿಸಿದರೆ ಬೆರಳುಗಳು ಉಳಿಯುವುವು. ರಿಮ್ಮು ಕುಳಿತುಕೊಳ್ಳುವ ಜಾಗದ ಮಣ್ಣನ್ನು ಬಟ್ಟೆಯಿಂದ ಒರಸುವುದನ್ನು ಮರೆಯಬಾರದು. ಮಧ್ಯೆ ಸಿಕ್ಕಿದ ಮಣ್ಣು ಆಮೇಲೆ ಪುಡಿಯಾಗಿ ಉದುರಿ, ಬಿಗಿಯಾಗಿದ್ದ ನಟ್ಟು ತಾನಾಗಿ ಸಡಿಲವಾಗುವುದು. ನಟ್ಟಿನ ಇಳಿಜಾರಾದ ಮುಖವು ರಿಮ್ಮಿನ ಕಡೆಗಿರಲಿ. ಒಂದರ ಪಕ್ಕದ್ದನ್ನು ಬಿಗಿಯದೆ, ಒಂದರ ಎದುರಿನದನ್ನು ಬಿಗಿಯುತ್ತ ಹೋಗಬೇಕು. ಗಾಲಿಯು ನೆಲಕ್ಕೆ ಇಳಿದ ಮೇಲೆ ಪುನಃ ಎಲ್ಲವನ್ನೂ ಪೂರ್ತಿಯಾಗಿ ಬಿಗಿಯಬೇಕು.

ರಿಮ್ಮಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇದರಿಂದಾಗುವ ಸಾವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗುವುದು. ಲಾರಿಗಳಲ್ಲಿಯೂ ಕೆಲವು ಟ್ರೇಲರುಗಳಲ್ಲಿಯೂ ರಿಮ್ಮು ಒಂದೇ ತುಂಡಾಗಿರದೆ, ಟೈರನ್ನು ಒಳಗೆ ಹಿಡಿದಿಡುವ ಒಂದು ಉಕ್ಕಿನ ಬಳೆಯು ಬೇರೆಯಾಗಿರುತ್ತದೆ. ಮತ್ತೆ ಕೆಲವು ಎರಡು ಹೋಳುಗಳಾಗಿದ್ದು, ನಡುವೆ ಬೋಲ್ಟುಗಳಿಂದ ಕೂಡಿರುತ್ತವೆ. ಗಾಳಿಯು ಪ್ರತಿ ಚದರ ಅಂಗುಲಕ್ಕೆ ಹತ್ತಾರು ಪೌಂಡಿನಂತೆ ಒತ್ತುವಾಗ, ಟೈರಿನ ಪಕ್ಕದ ನೂರಾರು ಚದರ ಅಂಗುಲವು ಸೇರಿ ಆ ಬಳೆಯ ಮೇಲೆ ಟನ್ನುಗಟ್ಟಲೆ ಬಲವು ಬೀಳುವುದು. ಗಾಳಿಯಿರುವಾಗ ಬಳೆಯನ್ನು ಸುತ್ತಿಗೆಯಿಂದ ಬಡಿದರೆ, ಇಲ್ಲವೇ ಹೋಳುಗಳನ್ನು ಕೂಡಿಸಿದ ನಟ್ಟನ್ನೇ ಗಾಲಿಯ ನಟ್ಟೆಂದು ಭ್ರಮಿಸಿ ಬಿಚ್ಚಿದರೆ, ಆ ಉಕ್ಕು ತೋಪಿನ ಗುಂಡಿನಂತೆ ಸಿಡಿಯುವುದು. ಟೈರನ್ನು ರಿಮ್ಮಿನಿಂದ ಬೇರ್ಪಡಿಸುವ ಕೆಲಸವನ್ನು ರಸ್ತೆಯಲ್ಲಿ ಮಾಡಲೇಕೂಡದು. ಅಂಗಡಿಯಲ್ಲಿಯೂ ವಾಲ್ವಿನ ಒಳಮುಳ್ಳನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಟ್ಟ ಮೇಲೆಯೇ ಮಾಡತಕ್ಕದ್ದು. ಗಾಳಿ ತುಂಬುವಾಗ ಬಳೆಯ ಎದುರಿಗೆ ಯಾರೂ ಕುಳಿತಿರಬಾರದು. ಬೇಸಗೆಯ ರಜದಲ್ಲಿ ಪಂಕ್ಚರ್ ಅಂಗಡಿಗೆ ಕೆಲಸಕ್ಕೆ ಹೋಗುವ ಹುಡುಗರ ತಂದೆತಾಯಿಗಳಿಗೂ ಊರಿನ ಮುಖಂಡರು ಇದನ್ನು ತಿಳಿಸುವುದು ಉಚಿತ.

ಟ್ರ್ಯಾಕ್ಟರಿನದೇ ಹಿಂಗಾಲಿಯ ಗಾಳಿ ಹೋದಾಗ ಮಾಡಬೇಕಾದದ್ದು ಬೇರೆ. ಮೊದಲನೆಯದಾಗಿ ಅದು ಬಹು ತೂಕದ ವಸ್ತು. ಎಳೆತವು ಹೆಚ್ಚಲೆಂದು ಒಳಗೆ ಮುಕ್ಕಾಲು ಭಾಗ ನೀರನ್ನು ತುಂಬಿಸಿದ್ದರೆ ನೀರೇ 150 ಕಿಲೋವಿಗೆ ಮೇಲ್ಪಡುವುದು. ಅಂಥಾ ಗಾಲಿಯು ಕಳಚಿದ ಮೇಲೆ ವಾಲಿತೆಂದರೆ ಕಾಲೆಲುಬು ಉಳಿಯದು. ಎರಡನೆಯದಾಗಿ, ತಿರುವಿನಲ್ಲಿ ಒಂದು ಗಾಲಿಯು ಇನ್ನೊಂದಕ್ಕಿಂತ ಹೆಚ್ಚು ಸುತ್ತುವಂತೆ ಅಚ್ಚಿನೊಳಗೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಏರ್ಪಾಟಿರುವುದರಿಂದ, ಒಂದು ಹಿಂಗಾಲಿಯು ನೆಲ ಬಿಟ್ಟೊಡನೆ ಗೇರಿನ ಹಿಡಿತವು ನಂಬತಕ್ಕದ್ದಲ್ಲ. ಮೇಲಿನ ಗಾಲಿಯು ಬಿಡಿಯಾಗಿ ಸುತ್ತಿದರೆ ಕೆಳಗಿನದು ಉರುಳಬಹುದು. ಮೂರನೆಯದು ಅನೇಕ ಚಾಲಕರಿಗೂ ತಿಳಿಯದ ಸಂಗತಿ: ಉಬ್ಬುತಗ್ಗಿನ ಹೊಲದಲ್ಲಿ ಆಡುವಂತೆ ಮುಂದಿನ ಅಚ್ಚನ್ನು ನಡುವೆ ಒಂದೇ ಗೂಟದ ಮೇಲೆ ತೂಗುಹಾಕಿರುತ್ತಾರೆ. ಹಿಂದಿನ ಒಂದು ಪಕ್ಕವನ್ನು ಎತ್ತಿದಾಗ ಮುಂದಿನ ಎರಡು ಗಾಲಿಗಳಿದ್ದೂ ಅವು ಟ್ರ್ಯಾಕ್ಟರು ವಾಲುವುದನ್ನು ತಡೆಯಲಾರವು. ಆದಕಾರಣ ಮುಂದಿನ ಅಚ್ಚಿಗೂ ಅದರ ಮೇಲಿನ ಚೌಕಟ್ಟಿಗೂ ಮಧ್ಯೆ ಎರಡು ಕಡೆಯೂ ಮರದ ಬೆಣೆಗಳನ್ನು ಬಡಿದು ಬಿಗಿಮಾಡದೆ ಜಾಕಿಯನ್ನು ಮುಟ್ಟಬಾರದು. ಒಟ್ಟಿನಲ್ಲಿ ಹಿಂಗಾಲಿಯ ಕೆಲಸಕ್ಕೆ ಬಲ್ಲ ಮೆಕ್ಯಾನಿಕನನ್ನು ಕರೆಯಿಸುವುದೇ ಜಾಣತನ.

ಮೇಲೆ ಹೇಳಿದ ಸಲಕರಣೆಗಳಾವುವೂ ಬೆಲೆಯುಳ್ಳವಲ್ಲ. ಒಂದು ದಪ್ಪ ಹಲಗೆ, ನಾಲ್ಕು ಬೆಣೆ, ಆರು ದಿಮ್ಮಿಗಳನ್ನು ಊರಿನ ಬಡಗಿಯೇ ಹಳೆಯ ತೊಲೆಯಿಂದ ಅರ್ಧ ದಿನದಲ್ಲಿ ಮಾಡಿಕೊಡುವನು. ಇವನ್ನಿಡಲು ಟ್ರೇಲರಿನ ಕೆಳಗೆ ಒಂದು ತಗಡಿನ ಪೆಟ್ಟಿಗೆಯನ್ನು ಬೆಸೆಯಿಸಿದರಾಯಿತು. ಕೊಡಿಸಬೇಕಾದವನು ಜಮೀನುದಾರನೇ ಹೊರತು ದಿನಗೂಲಿಯ ಚಾಲಕನಲ್ಲ. ಜಾಕಿಯನ್ನು ಪಕ್ಕದ ಊರಿನಿಂದ ಎರವಲು ತರಿಸಿ, ಅದರ ಶಕ್ತಿ ಎಷ್ಟು ಟನ್ನೆಂದು ನೋಡದೆ ಕೊಡುವ ಯಜಮಾನರೂ ಉಂಟು. ಕಾರ್ಖಾನೆಯ ಅಂಗಳದಲ್ಲಿ ಸರದಿ ತಪ್ಪೀತೆಂದು ಫೋನಿನಲ್ಲಿ ಆತುರಪಡಿಸುವವರು ಅದಕ್ಕಿಂತಲೂ ಹೆಚ್ಚು. ಸರದಿಯು ತಪ್ಪಿದರೆ ಕಬ್ಬಿನ ತೂಕವು ಸ್ವಲ್ಪ ಒಣಗುವುದು, ಅಷ್ಟೆ. ಆತುರಕ್ಕೊಳಗಾದ ಚಾಲಕನು ದಿಮ್ಮಿಯನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು ಗಾಲಿಯನ್ನು ಕಳಚುವನು.

ಹೊಸ ಗಾಲಿಯಿಂದ ಹೊರಟ ಟ್ರೇಲರನ್ನು ಏಳೆಂಟು ಕಿಲೋಮೀಟರು ಸಾಗಿದ ಮೇಲೆ ನಿಲ್ಲಿಸಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕು. ಭಾರವು ಬಿದ್ದ ಮೇಲೆ ಅವು ಒಂದಿಷ್ಟು ಸಡಿಲವಾಗುವುದು ಸಹಜ. ಗಾಳಿ ಹೋದ ಗಾಲಿಯನ್ನು ಆ ದಿನವೇ ಅಂಗಡಿಗೆ ಕೊಟ್ಟು, ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ಮುಳ್ಳೋ ಮೊಳೆಯೋ ಇನ್ನೂ ಉಳಿದಿದೆಯೇ ಎಂದು ನೋಡಿಸತಕ್ಕದ್ದು. ಟೈರಿನ ಪಕ್ಕದ ಮೇಲೆ ಅಚ್ಚಾಗಿರುವ ಒತ್ತಡದ ಅಂಕೆಯನ್ನು ಮೀರಿ ಗಾಳಿ ಹಾಕಿಸಕೂಡದು.