ವಿಡಿಯೊ ಪಾಠ: ಎಲ್ಲಿ ನಿಲ್ಲಿಸಬೇಕು?

ದಾವಣಗೆರೆ ಜಿಲ್ಲೆಯ ಗೋವಿನಕೋವಿಯಂತಹ ಊರಿನ ಶಾಲೆಯೊಂದರಲ್ಲಿ ನೀವು ವಿಜ್ಞಾನ ಶಿಕ್ಷಕರು ಎಂದುಕೊಳ್ಳಿ. ಒಂಬತ್ತನೆಯ ತರಗತಿಗೆ ಬಲ ಮತ್ತು ಚಲನೆಯ ಬಗ್ಗೆ ಮೂರು ನಿಮಿಷದ ವಿಡಿಯೊ ತೋರಿಸಿದಿರಿ. ಮಕ್ಕಳು ಸದ್ದಿಲ್ಲದೆ ನೋಡಿದರು. 'ಅರ್ಥವಾಯಿತೇ?' ಎಂದಾಗ 'ಆಯ್ತು ಸಾರ್' ಎಂದು ಒಕ್ಕೊರಲಿನಿಂದ ಹೇಳಿದರು. ಮರುದಿನ ಅದೇ ಪಾಠದ ಮೇಲೆ ಪ್ರಶ್ನೆ ಕೇಳಿದರೆ ಹಳೆಯ ತಪ್ಪು ಉತ್ತರಗಳೇ ಬಂದವು! ವಿಡಿಯೊ ಚೆನ್ನಾಗಿತ್ತು, ಮಕ್ಕಳು ಗಮನವಿಟ್ಟು ನೋಡಿದ್ದೂ ನಿಜ. ಹಾಗಾದರೆ ಎಡವಿದ್ದು ಎಲ್ಲಿ?

ಆಕಾಶದಿಂದ ಬಂದ ಪಾಠ

ಚಲಿಸುವ ಚಿತ್ರಗಳಿಂದ ಪಾಠ ಹೇಳುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳು ತಲುಪಿದವು. ಅಂದಿನ ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕಾಗಿಯೇ 'ಎಜುಸ್ಯಾಟ್' ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪ್ರಯೋಜನ ಪಡೆದವು. ಆ ಉಪಗ್ರಹದ ಸೇವೆ 2010ರಲ್ಲಿ ಮುಗಿಯಿತು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು.

ಈ ಎಲ್ಲ ಪ್ರಸಾರಗಳಿಗೂ ಒಂದು ಮಿತಿಯಿತ್ತು. ಪಾಠ ತನ್ನ ವೇಗದಲ್ಲಿ ಸಾಗುತ್ತಿತ್ತು. ತರಗತಿಯಲ್ಲಿ ಕೂತ ಶಿಕ್ಷಕರು ಅದನ್ನು ತಡೆದು ನಿಲ್ಲಿಸುವಂತಿರಲಿಲ್ಲ. ಇಂದು ಮೊಬೈಲಿನಲ್ಲಿರುವ ವಿಡಿಯೊವನ್ನು ಬೇಕಾದ ಕಡೆ ನಿಲ್ಲಿಸಬಹುದು. ಆದರೂ ನಮ್ಮಲ್ಲಿ ಹಲವರು ಅದನ್ನು ಹಳೆಯ ಟಿವಿಯಂತೆ ಮೊದಲಿನಿಂದ ಕೊನೆಯವರೆಗೆ ಓಡಿಸಿಬಿಡುತ್ತೇವೆ.

ಮೊದಲು ಊಹೆ, ಆಮೇಲೆ ನೋಟ

ಒಂದು ಉದಾಹರಣೆ ನೋಡೋಣ. ಹುಡುಗನೊಬ್ಬ ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆಯುತ್ತಾನೆ. ಚೆಂಡು ಕೈಬಿಟ್ಟ ಕೂಡಲೇ ವಿಡಿಯೊ ನಿಲ್ಲಿಸಿ. 'ಈಗ ಚೆಂಡಿನ ಮೇಲೆ ಯಾವ ಬಲ, ಯಾವ ದಿಕ್ಕಿಗೆ ಇದೆ? ಬಾಣದ ಗುರುತು ಹಾಕಿ' ಎನ್ನಿ. ಬಹಳಷ್ಟು ಮಕ್ಕಳು ಮೇಲ್ಮುಖ ಬಾಣ ಹಾಕುತ್ತಾರೆ. ಕೈ ಕೊಟ್ಟ ಬಲ ಚೆಂಡಿನೊಳಗೆ ಉಳಿದಿದೆ, ಅದು ಮುಗಿದಾಗ ಚೆಂಡು ಬೀಳುತ್ತದೆ ಎಂಬುದು ಅವರ ಎಣಿಕೆ. ವಾಸ್ತವವಾಗಿ, ಗಾಳಿಯ ತಡೆಯನ್ನು ಬಿಟ್ಟರೆ, ಕೈಬಿಟ್ಟ ಕ್ಷಣದಿಂದ ಚೆಂಡಿನ ಮೇಲಿರುವುದು ಕೆಳಮುಖವಾದ ಗುರುತ್ವ ಬಲ ಮಾತ್ರ. ಮೇಲೇರುವಾಗ, ತುದಿಯಲ್ಲಿ, ಇಳಿಯುವಾಗ ಮೂರೂ ಕಡೆ ಅದು ಒಂದೇ.

ತಮ್ಮ ಊಹೆಯನ್ನು ಬರೆದಿಟ್ಟ ಮಗು ಮುಂದಿನ ದೃಶ್ಯವನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ. ಊಹೆ ಮಾಡದ ಮಗು ವಿಡಿಯೊ ಹೇಳಿದ್ದನ್ನು ತನಗೆ ಮೊದಲೇ ಗೊತ್ತಿದ್ದ ಸಂಗತಿಯೆಂದೇ ಭಾವಿಸಿಬಿಡುತ್ತದೆ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ 2008ರಲ್ಲಿ ಮುಗಿಸಿದ ಸಂಶೋಧನೆ ಇದೇ ಮಾತನ್ನು ಹೇಳುತ್ತದೆ. ಸ್ಪಷ್ಟವಾದ ವಿವರಣೆಯಷ್ಟೇ ಇದ್ದ ವಿಡಿಯೊ ನೋಡಿದ ವಿದ್ಯಾರ್ಥಿಗಳು ಅದು ಸುಲಭವಾಗಿದೆ ಎಂದು ಮೆಚ್ಚಿದರು. ಕಲಿತದ್ದು ಮಾತ್ರ ಅತ್ಯಲ್ಪ. ಸಾಮಾನ್ಯ ತಪ್ಪು ಕಲ್ಪನೆಗಳನ್ನು ಎತ್ತಿ ಚರ್ಚಿಸಿದ ವಿಡಿಯೊ ನೋಡಿದವರು ಗೊಂದಲವಾಯಿತು ಎಂದರು; ಆದರೆ ಪರೀಕ್ಷೆಯಲ್ಲಿ ಅವರೇ ಮುಂದಿದ್ದರು. ಮಕ್ಕಳ ಮೌನವನ್ನೂ 'ಆಯ್ತು ಸಾರ್' ಎಂಬ ಉತ್ತರವನ್ನೂ ನಾವು ಕಲಿಕೆಯೆಂದು ನಂಬಬಾರದು.

ವಿಡಿಯೊ ಚಿಕ್ಕದಾಗಿರುವುದೂ ಮುಖ್ಯ. ಎಡ್‌ಎಕ್ಸ್ ಎಂಬ ಅಂತರಜಾಲ ಶಿಕ್ಷಣ ತಾಣದ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿದ್ದರೂ ಸಾಮಾನ್ಯವಾಗಿ ನೋಡುಗರು ಅದರಲ್ಲಿ ಕಳೆದ ಸಮಯ ಹೆಚ್ಚೆಂದರೆ ಆರು ನಿಮಿಷ.

ಯಾವುದನ್ನು ತೋರಿಸಬೇಕು?

ಅರಿಸಿನದ ಕಾಗದಕ್ಕೆ ಸೋಪಿನ ನೀರು ತಾಗಿಸಿದರೆ ಅದು ಕೆಂಪಾಗುತ್ತದೆ. ಇದಕ್ಕೆ ವಿಡಿಯೊ ಬೇಡ. ಮಕ್ಕಳ ಕೈಯಿಂದಲೇ ಮಾಡಿಸಿ. ತೀರ ನಿಧಾನವಾದ, ತೀರ ವೇಗವಾದ, ತೀರ ಚಿಕ್ಕದಾದ, ದೂರದ ಅಥವಾ ಅಪಾಯಕಾರಿಯಾದ ಸಂಗತಿಗಳಿಗೆ ಮಾತ್ರ ವಿಡಿಯೊ ಮೀಸಲಿರಲಿ.

ನಿಧಾನವಾದದ್ದಕ್ಕೆ ಮೆಕ್ಕೆಜೋಳದ ಮೊಳಕೆ ಒಳ್ಳೆಯ ಉದಾಹರಣೆ. ನಿಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಕೊರತೆಯಿಲ್ಲ. ರಾತ್ರಿ ನೆನೆಸಿದ ಕಾಳುಗಳನ್ನು ಗಾಜಿನ ಲೋಟದ ಒಳಮೈಗೆ ಒದ್ದೆ ಕಾಗದದಿಂದ ಒತ್ತಿ ನಿಲ್ಲಿಸಿ. ಮೊಬೈಲ್ ಇಡುವ ಜಾಗಕ್ಕೆ ಬಳಪದಿಂದ ಗುರುತು ಹಾಕಿ. ಶಾಲೆಯ ಅವಧಿಯಲ್ಲಿ ಅರ್ಧ ಗಂಟೆಗೊಮ್ಮೆ ಒಂದು ಚಿತ್ರದಂತೆ ದಿನಕ್ಕೆ 12, ಐದು ದಿನಕ್ಕೆ 60 ಚಿತ್ರಗಳಾದವು. ಸೆಕೆಂಡಿಗೆ 12 ಚಿತ್ರಗಳಂತೆ ಜೋಡಿಸಿದರೆ ಐದು ಸೆಕೆಂಡಿನ ವಿಡಿಯೊ ಸಿದ್ಧ. ಒಂದು ದಿನಕ್ಕೆ ಒಂದು ಸೆಕೆಂಡು! ಪ್ರತಿ ಸೆಕೆಂಡಿನ ಕೊನೆಗೆ ಬೇರು ಥಟ್ಟನೆ ಜಿಗಿದಂತೆ ಕಾಣುತ್ತದೆ. ಅಲ್ಲಿ ನಿಲ್ಲಿಸಿ ಕಾರಣ ಕೇಳಿ. ರಾತ್ರಿಯೂ ಬೇರು ಬೆಳೆಯುತ್ತಿತ್ತು ಎಂಬುದನ್ನು ಮಕ್ಕಳೇ ಹೇಳುತ್ತಾರೆ.

ವಿಡಿಯೊ ತಾನಾಗಿ ನಿಂತರೆ?

ಕೆಲವೊಮ್ಮೆ ನಾವು ನಿಲ್ಲಿಸುವ ಮೊದಲೇ ವಿಡಿಯೊ ನಿಂತು, ಪರದೆಯ ಮೇಲೆ ಚಕ್ರ ಸುತ್ತತೊಡಗುತ್ತದೆ. ಬೇಸರ ಬೇಡ, ಅಂತರಜಾಲದ ಪಾಠಕ್ಕೆ ಇದೇ ಸರಿಯಾದ ಸಮಯ.

ಮೂರು ನಿಮಿಷದ ವಿಡಿಯೊ ಎಂದರೆ ಎಷ್ಟು ಮಾಹಿತಿ? ಅಗಲಕ್ಕೆ 1280, ಎತ್ತರಕ್ಕೆ 720 ಬಿಂದುಗಳಿರುವ ಚಿತ್ರದಲ್ಲಿ ಒಟ್ಟು 9,21,600 ಬಿಂದುಗಳು. ಪ್ರತಿ ಬಿಂದುವಿನ ಬಣ್ಣಕ್ಕೆ 3 ಬೈಟ್. ಸೆಕೆಂಡಿಗೆ 25 ಚಿತ್ರಗಳಂತೆ 180 ಸೆಕೆಂಡಿಗೆ ಸುಮಾರು 12,440 ಮೆಗಾಬೈಟ್ ಆಗುತ್ತದೆ. ಇಷ್ಟನ್ನೂ ಕಳಿಸುವ ಅಗತ್ಯವಿಲ್ಲ. ಚೆಂಡು ಚಲಿಸುವಾಗ ಹಿಂದಿನ ಗೋಡೆ ಹಾಗೆಯೇ ಇರುತ್ತದಲ್ಲವೇ? ಬದಲಾದ ಭಾಗಕ್ಕೆ ಒತ್ತು ಕೊಟ್ಟು, ಕಣ್ಣಿಗೆ ಗೊತ್ತಾಗದ ವಿವರಗಳನ್ನು ಕೈಬಿಟ್ಟು ಮಾಹಿತಿಯನ್ನು ಕುಗ್ಗಿಸುತ್ತಾರೆ. ಸೆಕೆಂಡಿಗೆ 1.5 ಮೆಗಾಬಿಟ್‌ಗೆ ಕುಗ್ಗಿಸಿದರೆ ಇಡೀ ವಿಡಿಯೊ 270 ಮೆಗಾಬಿಟ್, ಅಂದರೆ ಸುಮಾರು 34 ಮೆಗಾಬೈಟ್ ಮಾತ್ರ.

ಇದು ಒಂದೇ ಮೂಟೆಯಾಗಿ ಬರುವುದಿಲ್ಲ. ಸುಮಾರು 1500 ಬೈಟ್‌ಗಳ ಪ್ಯಾಕೆಟ್‌ಗಳಾಗಿ ಒಡೆದರೆ 22,500ಕ್ಕೂ ಹೆಚ್ಚು ಪ್ಯಾಕೆಟ್‌ಗಳು ಬೇಕು. ಇದನ್ನು ತರಗತಿಯಲ್ಲೇ ಆಡಿ ತೋರಿಸಬಹುದು. ಒಂದು ವಾಕ್ಯವನ್ನು ಹತ್ತು ಚೀಟಿಗಳಲ್ಲಿ ಬರೆದು, ಕ್ರಮಸಂಖ್ಯೆ ಹಾಕಿ, ಬೇರೆ ಬೇರೆ ಸಾಲುಗಳ ಮೂಲಕ ಹಿಂದಿನ ಬೆಂಚಿಗೆ ಕಳಿಸಿ. ಒಂದು ಚೀಟಿಯನ್ನು ದಾರಿಯಲ್ಲಿ ಬಚ್ಚಿಡಿ. ಹಿಂದಿನ ಬೆಂಚಿನವರು ಚೀಟಿಗಳನ್ನು ಸಂಖ್ಯೆಯಂತೆ ಜೋಡಿಸಿ, 'ಏಳನೆಯದು ಬಂದಿಲ್ಲ, ಮತ್ತೆ ಕಳಿಸಿ' ಎಂದು ಕೇಳಲಿ. ಅಂತರಜಾಲದಲ್ಲೂ ಬಹುಮಟ್ಟಿಗೆ ನಡೆಯುವುದು ಇದೇ.

ಈಗ ಚಕ್ರ ಏಕೆ ಸುತ್ತುತ್ತದೆ ಎಂದು ಲೆಕ್ಕ ಹಾಕಿಸಿ. ನಿಮ್ಮಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ ಬರುತ್ತಿದ್ದರೆ 270 ಮೆಗಾಬಿಟ್ ತಲುಪಲು 270 ಸೆಕೆಂಡು ಬೇಕು. ವಿಡಿಯೊ ಓಡುವುದು 180 ಸೆಕೆಂಡು. ಆದ್ದರಿಂದ 90 ಸೆಕೆಂಡು ಕಾದು ಆರಂಭಿಸಿದರೆ ಎಲ್ಲೂ ನಿಲ್ಲದು. ಇದಕ್ಕಿಂತ ಸುಲಭದ ದಾರಿಯೂ ಇದೆ: ಸಂಪರ್ಕ ಚೆನ್ನಾಗಿರುವ ಕಡೆ ಹಿಂದಿನ ಸಂಜೆಯೇ ಇಳಿಸಿಕೊಂಡು ಬರುವುದು. 2017ರಲ್ಲಿ ಆರಂಭವಾದ 'ದೀಕ್ಷಾ' ಆ್ಯಪ್‌ನಲ್ಲಿ ಇದಕ್ಕೆ ಅವಕಾಶವಿದೆ.

ಮುಂದಿನ ವಾರ ಒಂದು ವಿಡಿಯೊ ಆರಿಸಿಕೊಳ್ಳಿ. ತರಗತಿಗೆ ಹೋಗುವ ಮೊದಲು ನೀವೊಮ್ಮೆ ನೋಡಿ, ನಿಲ್ಲಿಸಬೇಕಾದ ಎರಡು ಜಾಗಗಳನ್ನೂ ಅಲ್ಲಿ ಕೇಳಬೇಕಾದ ಎರಡು ಪ್ರಶ್ನೆಗಳನ್ನೂ ಪಾಠಯೋಜನೆಯಲ್ಲಿ ಬರೆದುಕೊಳ್ಳಿ. ಮಕ್ಕಳು ಬರೆದ ಊಹೆಗಳ ಚೀಟಿಗಳನ್ನು ಎಸೆಯಬೇಡಿ. ತಿಂಗಳ ನಂತರ ಅದೇ ಪ್ರಶ್ನೆ ಮತ್ತೆ ಕೇಳಿ, ಹಳೆಯ ಚೀಟಿಯೊಂದಿಗೆ ಹೋಲಿಸಿ. ವಿಡಿಯೊ ಕಲಿಸಿತೋ ಇಲ್ಲವೋ ಎಂಬುದು ಆಗ ತಿಳಿಯುತ್ತದೆ.