ಗಣಕಯಂತ್ರದ ಕೋರುಗಳ ಆಲಸ್ಯ: ಒಂದು ಪರಿಶೀಲನೆ

ಹಾವೇರಿ ಜಿಲ್ಲೆಯು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟುದು 1997ರಲ್ಲಿ. ಅದಕ್ಕೆ ಹಿಂದೆಯೇ ಅಚ್ಚಾದ ಶಾಸನ ಸಂಪುಟಗಳಲ್ಲಿ, ಮುಖ್ಯವಾಗಿ ‘ದಕ್ಷಿಣ ಭಾರತದ ಶಾಸನಗಳು’ ಎಂಬ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಾಗಿ ಪ್ರಕಟವಾದ ಬೊಂಬಾಯಿ-ಕರ್ನಾಟಕದ ಶಾಸನಗಳಲ್ಲಿ, ಈ ಸೀಮೆಯ ಶಾಸನಗಳು ಧಾರವಾಡದ ಹೆಸರಿನಡಿಯಲ್ಲಿಯೇ ಚದುರಿಕೊಂಡಿವೆ. ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳಿಗೆ ಸೇರಿದವನ್ನು ಆಯ್ದು ಒಂದೆಡೆ ಸೇರಿಸಬೇಕೆಂಬ ಉದ್ದೇಶದಿಂದ ನಾವು ಆ ಸಂಪುಟಗಳ ಪುಟಚಿತ್ರಗಳನ್ನು ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶದ ಮೂಲಕ ಪಠ್ಯರೂಪಕ್ಕೆ ತರಲು ತೊಡಗಿದೆವು. ಱ, ೞ ಅಕ್ಷರಗಳನ್ನು ಕಂಡೊಡನೆ ಅದು ಎಡವುವುದು ಬೇರೆಯ ಮಾತು. ಪ್ರಕೃತ ಲೇಖನದ ವಿಷಯ ಅದಲ್ಲ.

ವಿಷಯವೇನೆಂದರೆ, ಒಂದು ಸಂಪುಟವನ್ನು ಓದಿಸಲು ನಮ್ಮ ಲ್ಯಾಪ್‌ಟಾಪಿಗೆ ಎರಡು ರಾತ್ರಿಗಳು ಹಿಡಿಯುತ್ತಿದ್ದುವು. ಆ ಯಂತ್ರದ ಪ್ರೊಸೆಸರಿನಲ್ಲಿ 4 ಕೋರುಗಳಿದ್ದು, ಒಂದೊಂದು ಕೋರೂ ಎರಡೆರಡಾಗಿ ತೋರುವುದರಿಂದ ವಿಂಡೋಸ್ ಅದನ್ನು 8 ಎಂದು ಎಣಿಸುತ್ತದೆ. ಹೀಗಿದ್ದೂ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಬಳಕೆ ಶೇಕಡ 13ನ್ನು ಮೀರುತ್ತಿರಲಿಲ್ಲ. ದುರಸ್ತಿಯ ಅಂಗಡಿಯೊಂದರಲ್ಲಿ ತೋರಿಸಲಾಗಿ, ಪ್ರೊಸೆಸರು ಕೆಟ್ಟಿದೆ, ಹೊಸ ಯಂತ್ರವನ್ನೇ ಕೊಳ್ಳಬೇಕು ಎಂಬ ಉತ್ತರ ದೊರೆಯಿತು. ಆ ವರ್ಷದ ಪುಸ್ತಕಗಳಿಗಾಗಿ ತೆಗೆದಿರಿಸಿದ್ದ ಹಣ ಹೆಚ್ಚುಕಡಿಮೆ ಅದಕ್ಕೇ ವೆಚ್ಚವಾಗಿಬಿಡುತ್ತಿತ್ತು.

ಶೇಕಡ 13 ಎಂಬ ಅಂಕಿಯನ್ನು ಮೊದಲು ಪರೀಕ್ಷಿಸಬೇಕು. ಇತಿಹಾಸದ ವಿದ್ಯಾರ್ಥಿಗಳಿಗೆ ಸರಾಸರಿಯ ವಂಚನೆ ಹೊಸದಲ್ಲ. ನೂರನ್ನು ಎಂಟರಿಂದ ಭಾಗಿಸಿದರೆ 12.5 ಬರುತ್ತದೆ, ಅಂದರೆ ಎಂಟರಲ್ಲಿ ಒಂದು ಪೂರ್ಣವಾಗಿ ದುಡಿದು ಉಳಿದ ಏಳು ಸುಮ್ಮನಿದ್ದರೂ ಯಂತ್ರವು ತೋರುವ ಅಂಕಿ ಇದೇ. ನಕ್ಷೆಯ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ಪ್ರತಿಯೊಂದು ಕೋರಿನ ಬಳಕೆಯನ್ನೂ ಬೇರೆಬೇರೆಯಾಗಿ ನೋಡಬಹುದು. ನಾವು ಹಾಗೆ ನೋಡಿದಾಗ ಎಂಟೂ ಅಷ್ಟಿಷ್ಟು ದುಡಿಯುತ್ತಿರುವಂತೆ ಕಂಡು ಗೊಂದಲ ಹೆಚ್ಚಾಯಿತೆಂಬುದನ್ನು ಒಪ್ಪಬೇಕು. ಕಾರ್ಯಾಚರಣ ವ್ಯವಸ್ಥೆಯು ಒಂದೇ ಕೆಲಸವನ್ನು ಕ್ಷಣಕ್ಷಣಕ್ಕೂ ಒಂದು ಕೋರಿನಿಂದ ಮತ್ತೊಂದಕ್ಕೆ ಸಾಗಿಸುತ್ತಿರುತ್ತದೆ. ನಕ್ಷೆ ನಿಧಾನವಾಗಿ ಚಲಿಸುವುದರಿಂದ ಎಲ್ಲವೂ ಅರೆಮನಸ್ಸಿನಿಂದ ದುಡಿಯುವಂತೆ ತೋರುತ್ತದೆ. ವಾಸ್ತವವಾಗಿ ಯಾವ ಕ್ಷಣದಲ್ಲಿಯೂ ಕೆಲಸವಿರುವುದು ಒಂದಕ್ಕೆ ಮಾತ್ರ.

ಹಾಗಾದರೆ ಇಷ್ಟು ಕೋರುಗಳೇಕೆ? 2004ರ ಸುಮಾರಿನವರೆಗೆ ತಯಾರಕರು ಒಂದೇ ಕೋರಿನ ವೇಗವನ್ನು ವರ್ಷವರ್ಷವೂ ಏರಿಸುತ್ತ ಬಂದರು. ಶಾಖ ಮತ್ತು ವಿದ್ಯುತ್ತಿನ ವೆಚ್ಚ ಮಿತಿ ಮೀರಿದಾಗ ಆ ದಾರಿ ಮುಚ್ಚಿತು. ಐಬಿಎಂ ಸಂಸ್ಥೆ 2001ರಲ್ಲಿಯೇ ಪವರ್-4 ಎಂಬ ಎರಡು ಕೋರುಗಳ ಪ್ರೊಸೆಸರನ್ನು ಹೊರತಂದಿತ್ತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿಗಳು ಮನೆಬಳಕೆಯ ಯಂತ್ರಗಳಿಗೂ ಅಂಥವನ್ನು ತಂದುವು. ವೇಗದ ಬದಲು ಸಂಖ್ಯೆ ಬೆಳೆಯಿತು. ಆದರೆ ಕೆಲಸವನ್ನು ಹಂಚುವ ಹೊಣೆ ತಂತ್ರಾಂಶವನ್ನು ಬರೆಯುವವರ ಮೇಲೆ, ಅವರು ಬರೆಯದಿದ್ದಲ್ಲಿ ಬಳಸುವವರ ಮೇಲೆ ಬಿದ್ದಿತು.

ಎಲ್ಲ ಕೆಲಸವೂ ಹಂಚಲು ಬರುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಒಂದೇ ರಾಶಿಯ ಸುತ್ತ ಎಷ್ಟು ಮಂದಿಯಾದರೂ ಕೂಡಬಹುದು. ಬಿಡಿಸಿದುದನ್ನು ತೂಗುವ ತಕ್ಕಡಿ ಒಂದೇ ಆದರೆ ಚೀಲಗಳು ಅದರ ಮುಂದೆ ಸಾಲುಗಟ್ಟಲೇಬೇಕು. ಹಾವೇರಿಯ ಏಲಕ್ಕಿ ಮಾಲೆಯನ್ನಂತೂ ನಾಲ್ವರು ಕೂಡಿ ಒಂದೇ ದಾರದಲ್ಲಿ ಪೋಣಿಸಲಾಗದು, ನಾಲ್ಕು ಮಾಲೆಗಳನ್ನು ಬೇಕಾದರೆ ಪೋಣಿಸಬಹುದು. ಜೀನ್ ಆಮ್ಡಾಲ್ ಎಂಬ ಗಣಕ ವಿನ್ಯಾಸಕನು 1967ರಲ್ಲಿ ಮಂಡಿಸಿದ ವಾದ ಇದೇ. ಕೆಲಸದ ಕಾಲು ಭಾಗ ಹಂಚಲಾಗದ್ದಾದರೆ, 4 ಕೋರುಗಳಿಂದ ದೊರೆಯುವ ವೇಗ ನಾಲ್ಕು ಪಟ್ಟಲ್ಲ, ಸುಮಾರು 2.3 ಪಟ್ಟು, ಕೋರುಗಳನ್ನು ಸಾವಿರಕ್ಕೇರಿಸಿದರೂ ಅದು 4 ಪಟ್ಟನ್ನು ಮುಟ್ಟದು.

ನಮ್ಮ ಪ್ರಸಂಗದಲ್ಲಿ ಒಂದು ಪುಟದ ಓದು ಏಲಕ್ಕಿ ಮಾಲೆಯಂಥದು. ಸಂಪುಟವಾದರೋ ಮೆಣಸಿನಕಾಯಿಯ ರಾಶಿ, ಏಕೆಂದರೆ ಒಂದು ಪುಟವು ಇನ್ನೊಂದಕ್ಕಾಗಿ ಕಾಯಬೇಕಾಗಿಲ್ಲ. ಆದುದರಿಂದ ಪುಟಗಳನ್ನು ನಾಲ್ಕು ಕಡತಕೋಶಗಳಿಗೆ ಹಂಚಿ, ನಾಲ್ಕು ಕಿಟಕಿಗಳಲ್ಲಿ ಟೆಸರಾಕ್ಟನ್ನು ಏಕಕಾಲದಲ್ಲಿ ನಡೆಸಿದೆವು. ಸಂಪುಟ ಒಂದೇ ರಾತ್ರಿಯೊಳಗೆ ಮುಗಿಯಿತು. ಐದು, ಆರು ಕಿಟಕಿಗಳನ್ನು ತೆರೆದುದರಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ನಿಜವಾದ ಕೋರುಗಳು ನಾಲ್ಕೇ ಅಲ್ಲವೆ? ಟೆಸರಾಕ್ಟಿನ ಕೆಲವು ಆವೃತ್ತಿಗಳು ಒಂದೇ ಪುಟವನ್ನು ತಾವಾಗಿ 4 ಎಳೆಗಳಲ್ಲಿ ಓದಲು ಯತ್ನಿಸುತ್ತವೆ. ಅಲ್ಲಿ ಬಳಕೆಯ ಅಂಕಿ ಏರಿದರೂ ಕೆಲಸ ಅಷ್ಟಾಗಿ ಬೇಗನೆ ಸಾಗದು. ಅಂಥಲ್ಲಿ ‘ಓಎಂಪಿ ಥ್ರೆಡ್ ಲಿಮಿಟ್’ ಎಂಬ ಮೌಲ್ಯವನ್ನು 1ಕ್ಕೆ ಇಳಿಸಿ ಪುಟಗಳನ್ನೇ ಹಂಚುವುದು ಮೇಲು.

ಯಂತ್ರದಲ್ಲಿಯೇ ತೊಡಕಿರುವುದೂ ಉಂಟು. ‘ಎಂಎಸ್ ಕಾನ್ಫಿಗ್’ ಎಂಬಲ್ಲಿ ಪ್ರೊಸೆಸರುಗಳ ಸಂಖ್ಯೆಯನ್ನು ಗೊತ್ತುಪಡಿಸುವ ಒಂದು ಚೌಕವಿದೆ. ಅದನ್ನು ಗುರುತು ಮಾಡಿದರೆ ವೇಗ ಹೆಚ್ಚುವುದೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಹರಡಿದೆ. ಅದು ಸಂಖ್ಯೆಯನ್ನು ಮಿತಗೊಳಿಸಬಲ್ಲುದೇ ಹೊರತು ಇಲ್ಲದ ಕೋರನ್ನು ತರಲಾರದು. ಗುರುತಿದ್ದರೆ ತೆಗೆದು ಯಂತ್ರವನ್ನು ಮತ್ತೆ ಆರಂಭಿಸಬೇಕು. ಬ್ಯಾಟರಿಯ ಮೇಲೆ ನಡೆಯುವಾಗ ಅನೇಕ ಲ್ಯಾಪ್‌ಟಾಪುಗಳು ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಶಾಖ ಹೆಚ್ಚಿದಾಗಲೂ ಹಾಗೆಯೇ. ಕೋರುಗಳೆಲ್ಲ ದುಡಿಯುತ್ತಿದ್ದೂ ಗಿಗಾಹರ್ಟ್ಸಿನ ಅಂಕಿ ಇಳಿದಿದ್ದರೆ ಸಂಶಯಪಡಬೇಕಾದುದು ಪ್ರೊಸೆಸರನ್ನಲ್ಲ, ಫ್ಯಾನಿನಲ್ಲಿ ಸೇರಿದ ಧೂಳನ್ನು. ನಾಲ್ಕು ಕಿಟಕಿಗಳ ದುಡಿಮೆ ರಾಣೆಬೆನ್ನೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಹೇಳಿದುದಲ್ಲ. ನಾವು ರಾತ್ರಿಯನ್ನೇ ಆರಿಸಿಕೊಂಡೆವು.

ಹೊಸ ಯಂತ್ರವನ್ನು ಕೊಳ್ಳಲಿಲ್ಲ. ಪುಸ್ತಕಗಳ ಹಣ ಪುಸ್ತಕಗಳಿಗೇ ಉಳಿಯಿತು. ಯಂತ್ರ ಓದಿದುದನ್ನು ಸಾಲುಸಾಲಾಗಿ ತಿದ್ದುವ ಕಾರ್ಯ ಈಗ ನಡೆದಿದೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯದ ಶಾಸನಗಳನ್ನು ಮೊದಲು ಕೈಗೆತ್ತಿಕೊಂಡಿದ್ದೇವೆ.